‘ಲೆಗಸಿ ಕಾಂಟ್ಯಾಕ್ಟ್’ಗೆ ‘ವಾರಸುದಾರ’ ಎನ್ನಬಹುದೇ?

ನಾವು ಸತ್ತ ಮೇಲೆ ನಮ್ಮ ಇಮೇಲ್, ಫೋಟೊ, ಫೇಸ್‌ಬುಕ್ ಖಾತೆ ಏನಾಗಬೇಕು? ಇದನ್ನು ಮೊದಲೇ ಗೊತ್ತು ಮಾಡಿಡುವ ಬಗ್ಗೆ ಹಿರಿಯರಿಗಾಗಿ ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ನಾವು ಸತ್ತ ಮೇಲೆ ಖಾತೆಯನ್ನು ನೋಡಿಕೊಳ್ಳಲೆಂದು ನಾವೇ ಮೊದಲೇ ಹೆಸರಿಸಿಡುವ ವ್ಯಕ್ತಿಗೆ ಫೇಸ್‌ಬುಕ್, ಆಪಲ್‌ನವರು ‘ಲೆಗಸಿ ಕಾಂಟ್ಯಾಕ್ಟ್’ ಎನ್ನುತ್ತಾರೆ. ಅದಕ್ಕೆ ಕನ್ನಡ ಪದ ಸಿಗದೆ ನಿಂತಿದ್ದೇನೆ.

ಮೊದಲು ನೆನಪಾಗುವುದು ‘ವಾರಸುದಾರ’. ಆದರೆ ವಾರಸುದಾರ ಅಂದರೆ ಆಸ್ತಿ ಅವರದೇ ಆಗುತ್ತದೆ, ಅಲ್ವಾ? ಇಲ್ಲಿ ಹಾಗಿಲ್ಲ. ಫೇಸ್‌ಬುಕ್‌ನಲ್ಲಿ ಈ ವ್ಯಕ್ತಿ ಪ್ರೊಫೈಲ್ ಚಿತ್ರ ಬದಲಿಸಬಹುದು, ಖಾತೆಯನ್ನು ತೆಗೆದುಹಾಕಿ ಎಂದು ಕೇಳಬಹುದು. ಸತ್ತವರ ಮೆಸೇಜ್ ಓದುವಂತಿಲ್ಲ, ಅವರ ಹೆಸರಲ್ಲಿ ಲಾಗಿನ್ ಆಗುವಂತಿಲ್ಲ. ಆಪಲ್ 2021ರ ಡಿಸೆಂಬರ್‌ನಲ್ಲಿ ತಂದ ಏರ್ಪಾಡಿನಲ್ಲಿ ಕೈಗೆ ಸಿಗುವುದು ಜಾಸ್ತಿ. ಮೊದಲೇ ಕೊಟ್ಟಿಟ್ಟ ಕೀಲಿಯ (ಗುಟ್ಟಿನ ಸಂಕೇತದ) ಜೊತೆ ಮರಣ ಪ್ರಮಾಣಪತ್ರ ಒದಗಿಸಿದರೆ ಆಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡ್‌ನ ಫೋಟೊ, ಟಿಪ್ಪಣಿ, ಮೆಸೇಜ್ ಎಲ್ಲ ನೋಡಬಹುದು. ಅದೂ 3 ವರ್ಷ ಮಾತ್ರ, ಆಮೇಲೆ ಖಾತೆಯೇ ಅಳಿಸಿಹೋಗುತ್ತದೆ. ಉಳಿಸಿಟ್ಟ ಪಾಸ್‌ವರ್ಡ್‌ಗಳಾಗಲಿ, ದುಡ್ಡು ಕೊಟ್ಟು ಕೊಂಡ ಹಾಡು, ಸಿನಿಮಾಗಳಾಗಲಿ ಸಿಗುವುದಿಲ್ಲ. ದುಃಖದಲ್ಲಿರುವ ಮನೆಯವರು ‘ವಾರಸುದಾರ’ ಎಂಬ ಪದ ನಂಬಿಕೊಂಡು ಹೋಗಿ, ಅಲ್ಲಿ ಬಾಗಿಲು ಮುಚ್ಚಿದ್ದು ಕಂಡರೆ ಎಷ್ಟು ನೋವಾದೀತು!

‘ಉತ್ತರಾಧಿಕಾರಿ’ ಎಂದರೆ ಪಟ್ಟಕ್ಕೆ ಬರುವವರ ನೆನಪಾಗುತ್ತದೆ, ಅದು ಬೇಡ. ‘ನಾಮಿನಿ’ ಎಲ್ಲರಿಗೂ ಗೊತ್ತು. ಆದರೆ ಕೇಳಿದ ಕೂಡಲೇ ಠೇವಣಿ, ವಿಮೆಯ ಕಡೆಗೇ ಮನಸ್ಸು ಹೋಗುತ್ತದೆ.

ನನ್ನ ಒಲವು ‘ಖಾತೆ ಉಸ್ತುವಾರಿ’ ಕಡೆಗೆ. ಇನ್ನೊಬ್ಬರದನ್ನು ಅವರ ಪರವಾಗಿ ನೋಡಿಕೊಳ್ಳುವುದು ಎಂಬ ಅರ್ಥ ಅದರಲ್ಲಿ ಚೆನ್ನಾಗಿ ಬರುತ್ತದೆ. ತೊಡಕೂ ಇದೆ. ‘ಉಸ್ತುವಾರಿ’ ಕೆಲಸದ ಹೆಸರು, ವ್ಯಕ್ತಿಗೆ ‘ಉಸ್ತುವಾರಿದಾರ’ ಎಂದರೆ ಎಳೆದಂತಾಗುತ್ತದೆ. ಆಪಲ್‌ನವರ ವಿಷಯದಲ್ಲಿ ನೋಡಿಕೊಳ್ಳುವುದಕ್ಕಿಂತ ತೆಗೆದಿಟ್ಟುಕೊಳ್ಳುವುದೇ ಮುಖ್ಯ.

ಗೂಗಲ್‌ದು ಬೇರೆಯೇ ದಾರಿ. 2013ರಲ್ಲಿ ಬಂದ ಅದರ ವ್ಯವಸ್ಥೆ ಸಾವಿನ ಪುರಾವೆ ಕೇಳುವುದಿಲ್ಲ. ನಾವೇ ಆರಿಸಿದಷ್ಟು ತಿಂಗಳು, ಹೆಚ್ಚೆಂದರೆ 18, ಖಾತೆ ಬಳಕೆಯಾಗದಿದ್ದರೆ ನಾವು ಹೆಸರಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಹಾಗಾಗಿ ಅಲ್ಲಿ ‘ಮರಣಾನಂತರ’ ಎಂಬ ಪದ ಸೇರಿಸುವುದೇ ತಪ್ಪಾಗುತ್ತದೆ. ‘ಬಳಕೆ ನಿಂತ ಖಾತೆ’ ಎಂದರೆ ಸಾಕು ಅನಿಸುತ್ತದೆ.

ಇನ್ನೊಂದು ಪ್ರಶ್ನೆ. ಸತ್ತವರ ಹೆಸರಲ್ಲೇ ಉಳಿಸುವ ಫೇಸ್‌ಬುಕ್ ಪುಟಕ್ಕೆ ‘ಸ್ಮಾರಕ ಖಾತೆ’ಯೋ, ‘ನೆನಪಿನ ಖಾತೆ’ಯೋ? ನನಗೆ ಎರಡನೆಯದೇ ಇಷ್ಟ.

ಉಸ್ತುವಾರಿಗಿಂತ ಹಗುರವಾದ, ವ್ಯಕ್ತಿಯನ್ನೇ ಸೂಚಿಸುವ ಪದ ನಿಮ್ಮ ಬಳಕೆಯಲ್ಲಿದ್ದರೆ ದಯವಿಟ್ಟು ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.