ಹಿಂಬಾಗಿಲಿನ ಸೆನ್ಸರ್ ಕೈಕೊಡುತ್ತಿದೆ, ಮನೆಗೆಲ್ಲಾ ವೈರ್ ಎಳೆಸಲಾ?

ಪ್ರಶ್ನೆ:
ಆರು ವೈರ್‌ಲೆಸ್ ಡೋರ್ ಸೆನ್ಸರ್ ಹಾಕಿದ್ದೇನೆ, ಜಿಗ್‌ಬೀ (ಸ್ಮಾರ್ಟ್ ಮನೆ ಸಾಧನಗಳ ವೈರ್‌ಲೆಸ್ ಪದ್ಧತಿ) ಬಳಸುವಂಥವು. ಐದು ಸರಿಯಾಗಿವೆ. ಹಿಂಬಾಗಿಲಿನದು ಮಾತ್ರ ಆಗಾಗ ಆಫ್‌ಲೈನ್ ಆಗುತ್ತದೆ, ಇಲ್ಲವೇ ಬಾಗಿಲು ಮುಚ್ಚಿದ್ದರೂ 'ತೆರೆದಿದೆ' ಅಂತ ತೋರಿಸುತ್ತದೆ. ಬ್ಯಾಟರಿ ಎರಡು ಸಲ ಬದಲಿಸಿದೆ. ಎಲ್ಲಾ ಕಿತ್ತು ವೈರ್‌ನವೇ ಹಾಕಿಸೋಣ ಅಂದರೆ ಈಗಷ್ಟೇ ಗೋಡೆಗೆ ಪೇಂಟ್ ಆಗಿದೆ.

ಉತ್ತರ 1:
ಬಾಗಿಲು ಕಬ್ಬಿಣದ್ದಾ?

ಪ್ರಶ್ನೆ ಕೇಳಿದವರು:
ಹೌದು, ಚೌಕಟ್ಟೂ ಕಬ್ಬಿಣವೇ!

ಉತ್ತರ 1:
ಹಾಗಾದರೆ ನಿಮ್ಮದು ಒಂದಲ್ಲ, ಎರಡು ತೊಂದರೆ. ಸೆನ್ಸರ್ ಒಳಗಿನ ರೀಡ್ ಸ್ವಿಚ್ ಮ್ಯಾಗ್ನೆಟ್ ಹತ್ತಿರವಿದ್ದಾಗ ಮಾತ್ರ ಕೂಡಿಕೊಳ್ಳುತ್ತದೆ, ಕಬ್ಬಿಣ ಆ ಸೆಳೆತವನ್ನು ತನ್ನ ಕಡೆ ಎಳೆದುಕೊಂಡುಬಿಡುತ್ತದೆ, ಅದಕ್ಕೇ ಮರದ ಬಾಗಿಲಿಗೆ ಸಾಕಾಗುವ ಅಂತರ ಇಲ್ಲಿ ಸಾಲುವುದಿಲ್ಲ. ಸೆನ್ಸರ್, ಮ್ಯಾಗ್ನೆಟ್ ಎರಡರ ಹಿಂದೆಯೂ ಸುಮಾರು 1 ಸೆಂ.ಮೀ. ದಪ್ಪದ ಪ್ಲಾಸ್ಟಿಕ್ ಅಥವಾ ಮರದ ಚೂರು ಕೊಟ್ಟು ಅಂಟಿಸಿ ನೋಡಿ. ವೈರ್ ಎಳೆಸಿದರೂ ಈ ತೊಂದರೆ ತಾನಾಗಿ ಹೋಗುವುದಿಲ್ಲ, ಅದರಲ್ಲೂ ಸಾಮಾನ್ಯವಾಗಿ ಇದೇ ರೀಡ್ ಸ್ವಿಚ್ ಇರುತ್ತದೆ.

ಆಫ್‌ಲೈನ್ ಆಗುವುದು ಸಿಗ್ನಲ್ ಕಥೆ. ಸೆನ್ಸರ್‌ಗಳ ಸಿಗ್ನಲ್ ಹಿಡಿಯುವ ಪೆಟ್ಟಿಗೆಯನ್ನು, ಅಂದರೆ ಹಬ್ (hub) ಅನ್ನು, ವೈಫೈ ರೂಟರ್ ಪಕ್ಕದಲ್ಲೇ ಇಟ್ಟಿದ್ದರೆ ದೂರ ಸರಿಸಿ, ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಮಾತಾಡುತ್ತವೆ. ಹಬ್‌ಗೂ ಹಿಂಬಾಗಿಲಿಗೂ ಮಧ್ಯದಲ್ಲಿ ಒಂದು ಜಿಗ್‌ಬೀ ಸ್ಮಾರ್ಟ್ ಪ್ಲಗ್ ಹಾಕಿ. ಬ್ಯಾಟರಿ ಸೆನ್ಸರ್‌ಗಳು ಒಂದರ ಸಿಗ್ನಲ್ ಇನ್ನೊಂದು ದಾಟಿಸುವುದಿಲ್ಲ, ಕರೆಂಟ್‌ನಲ್ಲಿರುವ ಪ್ಲಗ್ ದಾಟಿಸುತ್ತದೆ.

ಉತ್ತರ 2:
ನಾನು ವೈರ್ ಪಕ್ಷ. ಏಣಿ ಹತ್ತಿ ಬ್ಯಾಟರಿ ಬದಲಿಸಿ ಸಾಕಾಗಿದೆ. ಆದರೂ ಹೊಸ ಪೇಂಟ್ ಹಾಳು ಮಾಡಿ ಅನ್ನುವಷ್ಟು ಕಲ್ಲುಮನಸ್ಸಿಲ್ಲ.

ಕೆಲವು ವೈರ್‌ಲೆಸ್ ಸೆನ್ಸರ್‌ಗಳಲ್ಲಿ ಹೊರಗಿನ ಸ್ವಿಚ್ ಜೋಡಿಸಲು ಎರಡು ಸ್ಕ್ರೂ ಇರುತ್ತವೆ. ಅಂಥದ್ದನ್ನು ಬಾಗಿಲಿನಿಂದ ಆಚೆ, ಗೋಡೆಗೆ ಅಂಟಿಸಿ, ಅಲ್ಲಿಂದ ಎರಡೆಳೆ ವೈರ್ ತಂದು ಬಾಗಿಲಿಗೆ ಕಬ್ಬಿಣದ ಬಾಗಿಲಿಗೆಂದೇ ಬರುವ ದೊಡ್ಡ ಮ್ಯಾಗ್ನೆಟ್ ಸ್ವಿಚ್ ಕೂರಿಸಿ. ಸ್ವಿಚ್‌ಗೆ ಬೇರೆ ಕರೆಂಟ್ ಬೇಕಿಲ್ಲ. ಒಂದೆರಡು ಮೀಟರ್ ವೈರ್, ಸುಮ್ನೆ ಚೌಕಟ್ಟಿನ ಅಂಚಲ್ಲೇ ಹೋಗುತ್ತದೆ.

ಮುಂದೆ ಅಲಾರಂ ಪ್ಯಾನೆಲ್ (ಸೆನ್ಸರ್ ವೈರ್‌ಗಳೆಲ್ಲಾ ಬಂದು ಸೇರುವ ಪೆಟ್ಟಿಗೆ) ತಂದು ಪೂರ್ತಿ ವೈರಿಂಗ್ ಮಾಡಿಸಿದರೆ, ವೈರ್ ಸರಿಯಿದೆಯಾ ಅಂತ ಪ್ಯಾನೆಲ್‌ಗೆ ತಿಳಿಯಲು ಹಾಕುವ ರೆಸಿಸ್ಟರ್ ಸೆನ್ಸರ್ ತುದಿಯಲ್ಲೇ ಇರಲಿ. ನಾನು ಮೊದಲ ಸಲ ಪ್ಯಾನೆಲ್ ಒಳಗೇ ಹಾಕಿದ್ದೆ. ದಾರಿಯಲ್ಲಿ ಯಾರಾದರೂ ಎರಡೆಳೆ ಸೇರಿಸಿ ಶಾರ್ಟ್ ಮಾಡಿದ್ದರೆ ಬಾಗಿಲು ಮುಚ್ಚಿದೆ ಅಂತಲೇ ಪ್ಯಾನೆಲ್ ನಂಬುತ್ತಿತ್ತು.

ಪ್ರಶ್ನೆ ಕೇಳಿದವರು:
ಮರದ ಚೂರು ಕೊಟ್ಟ ಮೇಲೆ 'ತೆರೆದಿದೆ' ಕಾಟ ನಿಂತಿತು. ಪ್ಲಗ್ ಹಾಕಿದರೂ ಒಮ್ಮೆ ಆಫ್‌ಲೈನ್ ಆಯಿತು. ಸ್ಕ್ರೂ ಇರುವ ಸೆನ್ಸರ್ ತರಿಸಿ ಈಗ ಹದಿನೈದು ದಿನ, ಒಮ್ಮೆಯೂ ತಪ್ಪಿಲ್ಲ. ಉಳಿದ ಐದನ್ನು ಮುಟ್ಟಲು ಹೋಗಲಿಲ್ಲ.