ಪದಚರ್ಚೆ: ಏರ್ ಫಿಲ್ಟರ್‌ಗೆ ಎಣ್ಣೆ ‘ಹಚ್ಚುವುದೋ’, ‘ಕುಡಿಸುವುದೋ’?

ಗೆಳೆಯರೇ, ನಮಸ್ಕಾರ.

ಪುಣೆಯಲ್ಲಿ ಟ್ಯಾಕ್ಸಿ ಓಡಿಸುವ ನಮ್ಮವರಿಗಾಗಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಕಾರಿನ ಇಂಜಿನ್‌ಗೆ ಹೋಗುವ ಗಾಳಿಯ ಧೂಳು ಸೋಸುವ ಹತ್ತಿಬಟ್ಟೆಯ ಏರ್ ಫಿಲ್ಟರ್ ತೊಳೆದು ಮತ್ತೆ ಕೂರಿಸುವುದು ಹೇಗೆ ಅಂತ. ಹೆಚ್ಚಿನವರು ವಿಜಯಪುರ, ಕಲಬುರಗಿ ಕಡೆಯವರು. ಮರಾಠಿ ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾರೆ, ಆದರೆ ಓದಲು ಕನ್ನಡವೇ ಬೇಕು. ಡಬ್ಬಿಯೊಳಗಿನ ಚೀಟಿ ಇರುವುದು ಇಂಗ್ಲಿಷಿನಲ್ಲಿ.

ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ಏರ್ ಫಿಲ್ಟರ್ ಅಂದರೆ ಪುಣೆಯ ಕಾತ್ರಜದ ಗ್ಯಾರೇಜಿನಲ್ಲೂ ಗೊತ್ತು, ವಿಜಯಪುರ ಕಡೆಯ ಇಂಡಿ ಊರಲ್ಲೂ ಗೊತ್ತು. ‘ವಾಯುಶೋಧಕ’ ಎಂದು ಶುರು ಮಾಡಿದರೆ ಎರಡನೇ ಸಾಲನ್ನು ಯಾರೂ ಓದುವುದಿಲ್ಲ. ‘ಮರುಬಳಕೆಯ ಫಿಲ್ಟರ್’ ಮಾತ್ರ ಬೇಡ ಅನ್ನಿಸಿತು. ಹಳೇ ಸಾಮಾನಿನಿಂದ ಮಾಡಿದ್ದು ಅಂತಲೂ ಅರ್ಥ ಬರುತ್ತದೆ, ಯಾರೋ ಬಳಸಿ ಬಿಟ್ಟದ್ದು ಅಂತಲೂ ಬರುತ್ತದೆ. ‘ತೊಳೆದು ಬಳಸುವ ಫಿಲ್ಟರ್’ ಅಂದರೆ ಮುಗಿಯಿತು. ಮಾಮೂಲಿ ಕಾಗದದ ಫಿಲ್ಟರ್ ತೊಳೆಯುವಂಥದ್ದಲ್ಲ, ನೀರು ತಾಗಿದರೆ ಕೆಡುತ್ತದೆ. ಆ ಎಚ್ಚರಿಕೆಯೂ ಅರ್ಧ ಹೆಸರಿನಲ್ಲೇ ಬಂತು. ಹತ್ತಿಯ ಫಿಲ್ಟರಿನ ಸಾಲು ಸಾಲು ಮಡಿಕೆಗಳಿಗೆ ‘ನಿರಿಗೆ’ ಎಂದಿದ್ದೇನೆ. ಸೀರೆಯ ಪದ ಬಾನೆಟ್ ಕೆಳಗೆ ಹೋಯಿತು, ಹೋಗಲಿ ಬಿಡಿ.

ತೊಡಕಿರುವುದು ಕ್ರಿಯಾಪದಗಳಲ್ಲಿ. ‘ಸ್ವಚ್ಛಗೊಳಿಸಿ’ ಎಂದು ಬರೆದರೆ ಗ್ಯಾರೇಜಿನ ಹುಡುಗರಿಗೆ ಅದರ ಅರ್ಥ ಒಂದೇ: ಹವಾ ಹೊಡೆಯುವುದು. ಬೆಂಗಳೂರಿನ ‘ಗಾಳಿ’ ಇಲ್ಲಿ ‘ಹವಾ’. ಟೈರಿಗೆ ಹಾಕುವುದೂ ಅದೇ, ಧೂಳಿಗೆ ಹೊಡೆಯುವುದೂ ಅದೇ. ಆದರೆ ಹತ್ತಿಯ ಪದರಕ್ಕೆ ಕಂಪ್ರೆಸರ್ ಗಾಳಿ ಹಿಡಿದರೆ ಎಳೆ ಬಿಟ್ಟುಕೊಂಡು ತೂತಾಗಬಹುದು. ಆಮೇಲೆ ಫಿಲ್ಟರ್ ಇದ್ದೂ ಇಲ್ಲದಂತೆ. ಹಾಗಾಗಿ ‘ಸ್ವಚ್ಛಗೊಳಿಸು’ ಎಂಬುದನ್ನೇ ಹೊರಗಿಟ್ಟು ಒಂದೊಂದು ಕೆಲಸಕ್ಕೆ ಒಂದೊಂದು ಪದ ಹುಡುಕಿದೆ.

ಮೊದಲು ಧೂಳು ‘ಕೊಡವಿ’. ಆಮೇಲೆ ತೊಳೆಯುವ ದ್ರಾವಣ ಸಿಂಪಡಿಸಿ, ಹತ್ತು ನಿಮಿಷ ‘ನೆನೆಯಲು ಬಿಡಿ’. ಇವೆರಡರಲ್ಲಿ ಗೊಂದಲವಿಲ್ಲ.

ಮುಂದಿನದು ನೀರು. ‘ಜಾಲಾಡಿ’ ಅಂದರೆ ಬಕೆಟ್‌ನಲ್ಲಿ ಅದ್ದಿ ಅಲ್ಲಾಡಿಸುತ್ತಾರೆ. ಬೇಕಿರುವುದು ಅದಲ್ಲ. ನಲ್ಲಿಯ ನೀರು ಜೋರಿಲ್ಲದೆ, ಇಂಜಿನ್ ಕಡೆಯ ಮೈಯಿಂದ ಹೊರಮೈಗೆ ಬರಬೇಕು. ಆಗ ಕೊಳೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಇದಕ್ಕೆ ‘ನೀರು ಹಾಯಿಸಿ’ ಎಂದು ಬರೆದೆ. ಹೊಲಕ್ಕೆ ನೀರು ಹಾಯಿಸಿದ ಮನೆಯವರು ಇವರು. ಆ ಪದ ಕೇಳಿದ ಕೂಡಲೇ ಎಲ್ಲಿಂದ ಎಲ್ಲಿಗೆ ಅಂತ ತಾವೇ ಕೇಳುತ್ತಾರೆ. ನನಗೆ ತುಂಬ ಹಿಡಿಸಿದ ಪದ ಇದು.

‘ಒಣಗಿಸಿ’ ಬದಲು ‘ತಾನಾಗಿ ಆರಲು ಬಿಡಿ’ ಇರಲಿ ಅಂದುಕೊಂಡಿದ್ದೇನೆ. ಒಣಗಿಸಿ ಅಂದರೆ ಮತ್ತೆ ಹವಾ ಹೊಡೆದಾರು, ಇಲ್ಲವೇ ಹೇರ್ ಡ್ರೈಯರ್ ಹಿಡಿದಾರು. ಪುಣೆಯ ಮಳೆಗಾಲದಲ್ಲಿ ಮಾರನೇ ದಿನದವರೆಗೂ ಕಾಯಬೇಕಾಗಬಹುದು, ಅದು ಬೇರೆ ಮಾತು.

ಈಗ ಎಣ್ಣೆ. ನಾನು ಸಿಕ್ಕಿಬಿದ್ದಿರುವುದು ಇಲ್ಲೇ. ಈ ಫಿಲ್ಟರ್‌ಗೆಂದೇ ಬರುವ ಎಣ್ಣೆಯನ್ನು ಹಾಕಬೇಕು, ಇಂಜಿನ್ ಆಯಿಲ್ ಅಲ್ಲ. ಅಂಟಂಟಾದ ಆ ಎಣ್ಣೆಯೇ ಸಣ್ಣ ಧೂಳನ್ನು ಹಿಡಿದಿಡುವುದು. ‘ಎಣ್ಣೆ ಹಚ್ಚಿ’ ಎಂದರೆ ಅಂಗೈಗೆ ಸುರಿದುಕೊಂಡು ತಲೆಗೆ ತಿಕ್ಕಿದಂತೆ ತಿಕ್ಕುತ್ತಾರೆ. ಜಾಸ್ತಿಯಾದ ಎಣ್ಣೆ ಗಾಳಿಯೊಂದಿಗೆ ಒಳಗೆ ಹೋಗುತ್ತದೆ. ಎಷ್ಟೋ ಕಾರುಗಳಲ್ಲಿ ಒಳಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಇರುತ್ತದೆ, ಅದರೊಳಗೆ ಬಿಸಿಯಾಗುವ ಸಣ್ಣ ತಂತಿ. ಅದಕ್ಕೆ ಎಣ್ಣೆ ಮೆತ್ತಿದರೆ ಅಳತೆ ತಪ್ಪುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪವೂ ಹತ್ತಬಹುದು.

ಮಾಡಬೇಕಾದ್ದು ಇಷ್ಟು. ನಿರಿಗೆ ನಿರಿಗೆಯ ಉದ್ದಕ್ಕೂ ಸ್ವಲ್ಪ ಸ್ವಲ್ಪ ಹನಿಸಿ 20 ನಿಮಿಷ ಸುಮ್ನೆ ಬಿಡಬೇಕು. ಎಣ್ಣೆಗೆ ಸಾಮಾನ್ಯವಾಗಿ ಕೆಂಪು ಬಣ್ಣ ಇರುತ್ತದೆ, ಅದು ಎಲ್ಲಿ ತಲುಪಿಲ್ಲವೋ ಅಲ್ಲಿ ಬಿಳಿ ಉಳಿಯುತ್ತದೆ. ಅಲ್ಲಿಗಷ್ಟೇ ಇನ್ನೊಂದು ಹನಿ.

ನಮ್ಮ ಕೈ ಮಾಡುವ ಕೆಲಸಕ್ಕೆ ‘ಹನಿಸು’ ಸಾಕು. ಎಣ್ಣೆ ತಾನಾಗಿ ಮಾಡುವ ಕೆಲಸಕ್ಕೆ ಏನನ್ನೋಣ? ‘ಇಂಗು’ ಅಂದರೆ ಕೆಳಗಿಳಿದು ಕಾಣದಾಗುವುದು, ಇದು ಅಕ್ಕಪಕ್ಕಕ್ಕೂ ಹೋಗಬೇಕು. ‘ಹಬ್ಬು’ ಎಂದರೆ ಮೇಲ್ಮೈಯಲ್ಲಿ ಹರಡಿದ ಹಾಗೆ ಕೇಳಿಸುತ್ತದೆ, ಅಲ್ವಾ? ‘ಹೀರು’ ತಪ್ಪಲ್ಲ, ಆದರೆ ಎಣ್ಣೆ ಎಳೆಯಿಂದ ಎಳೆಗೆ ದಾಟುವುದು ಅದರಲ್ಲಿ ಕಾಣುವುದಿಲ್ಲ. ಸದ್ಯಕ್ಕೆ ‘ಬಟ್ಟೆಗೆ ಎಣ್ಣೆ ಕುಡಿಸಿ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಕುಡಿಸಿ ಅಂದರೆ ಹೊಟ್ಟೆ ತುಂಬ ಕುಡಿಸಿಬಿಟ್ಟಾರು ಎಂಬ ಹೆದರಿಕೆ.

ಉತ್ತರ ಕರ್ನಾಟಕದವರು, ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು ದಯವಿಟ್ಟು ಹೇಳಿ. ಒಣ ಬತ್ತಿಯ ತುದಿಯನ್ನು ಎಣ್ಣೆಗೆ ತಾಗಿಸಿದರೆ ಎಣ್ಣೆ ಮೆಲ್ಲಗೆ ಮೇಲಕ್ಕೆ ಬರುತ್ತದಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ? ಅದೇ ಪದ ಪುಟಕ್ಕೆ ಹೋಗುತ್ತದೆ.