ಸಿಂಬಳದ ಹುಳುಗಳಿಗೆ ಬೇರೆ ಬೇರೆ ಬಣ್ಣ ಯಾಕೆ? ಗೊತ್ತಿದ್ದವರು ಹೇಳಿ

ಪ್ರಶ್ನೆ (ದಾವಣಗೆರೆ, ವಿದ್ಯಾನಗರ): ಮಳೆ ಹಿಡಿದ ಮೇಲೆ ನಮ್ಮ ಹೂಕುಂಡಗಳ ಕೆಳಗೆ ಚಿಪ್ಪಿಲ್ಲದ ಸಿಂಬಳದ ಹುಳು ಜಾಸ್ತಿಯಾಗಿವೆ. ಕೆಲವು ಇದ್ದಿಲಿನಂತೆ ಕಪ್ಪು, ಕೆಲವು ಕಂದು, ಸಣ್ಣವು ಇನ್ನೂ ತಿಳಿ. ಎಲ್ಲವೂ ಒಂದೇ ಜಾತಿಯಾ? ಕಪ್ಪಗಿರುವುದು ವಿಷದ್ದಾ? ಮಗಳು ಕೈಯಲ್ಲಿ ಹಿಡಿಯುತ್ತಾಳೆ, ಅದಕ್ಕೇ ಚಿಂತೆ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು: ನಮ್ಮ ತೋಟದಲ್ಲಿ ಬಿದ್ದ ಹಾಳೆ ಎತ್ತಿದರೆ ಇವೇ ಇರುತ್ತವೆ. ಮರಿ ತಿಳಿ ಕಂದು, ಬೆನ್ನ ನಡುವಿನ ಬಿಳಿ ಗೆರೆ ಚೆನ್ನಾಗಿ ಕಾಣುತ್ತದೆ. ಬಲಿತಂತೆ ಮೈ ಕಪ್ಪಾಗಿ ಗೆರೆ ಮಾಸುತ್ತದೆ. ಬಿಸಿಲಿಗೆ ಮುದುಡಿಕೊಂಡಾಗ ಇನ್ನೂ ಕಪ್ಪಗೆ, ಒರಟಾಗಿ ಕಾಣುತ್ತವೆ. ಒದ್ದೆಯಾಗಿ ಮೈ ಚಾಚಿದರೆ ಅದೇ ಹುಳು ತಿಳಿಯಾಗುತ್ತದೆ.

ಚಿತ್ರದುರ್ಗದ ಪ್ರಾಣಿಶಾಸ್ತ್ರ ಮೇಷ್ಟ್ರು: ಅವರು ಹೇಳಿದ್ದು ಸರಿ. ಬೆನ್ನಿಗೆ ಗೆರೆ ಇರುವುದು ಲೇವಿಕಾಲಿಸ್ ಆಲ್ಟೆ ಎಂಬ ಜಾತಿ ಇರಬೇಕು. ಮೂಲ ಆಫ್ರಿಕಾದ್ದು, ಈಗ ನಮ್ಮ ದೇಶದ ತುಂಬ ಇದೆ. ಕಪ್ಪು, ಕಂದು ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದು ಎಷ್ಟು ಅನ್ನುವುದು ಮೊದಲು ಹುಟ್ಟಿನಿಂದಲೇ ಬರುತ್ತದೆ. ಯುರೋಪಿನ ಏರಿಯಾನ್ ಎಂಬ ಗುಂಪಿನ ಸಿಂಬಳದ ಹುಳುಗಳಲ್ಲಿ ಕಪ್ಪು, ಕಂದು, ಕಿತ್ತಳೆ ಎಲ್ಲಾ ಇವೆ. ಸಿಂಬಳದ ಹುಳುಗಳಲ್ಲಿ ಗಂಡು ಹೆಣ್ಣು ಒಂದರಲ್ಲೇ ಇರುತ್ತದೆ. ಕೆಲವು ಜಾತಿಗಳು ಒಂಟಿಯಾಗಿಯೇ ಮೊಟ್ಟೆ ಇಡಬಲ್ಲವು. ಹಾಗಾಗಿ ಒಂದು ಕುಂಡದಡಿಯ ಮರಿಗಳೆಲ್ಲ ಒಂದೇ ಬಣ್ಣ, ಪಕ್ಕದ ಕುಂಡದ್ದು ಬೇರೆ ಬಣ್ಣ ಇದ್ದರೂ ಆಶ್ಚರ್ಯವಿಲ್ಲ.

ಆಮೇಲೆ ಆಹಾರ, ತೇವ, ಬೆಳಕಿನಿಂದಲೂ ಬಣ್ಣ ಬದಲಾಗಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾಳೆಹಣ್ಣಿನಂತೆ ಹಳದಿ ಇರುವ ಒಂದು ಸಿಂಬಳದ ಹುಳು ಇವುಗಳಿಗೆ ತಕ್ಕಂತೆ ಹಸಿರು, ಕಂದು ಕೂಡ ಆಗುತ್ತದೆ. ತೆಳು ಚರ್ಮದ ಸಣ್ಣ ಹುಳುಗಳಲ್ಲಿ ತಿಂದ ಸೊಪ್ಪು ಒಳಗಿನಿಂದ ತೋರಿ ಮೈಯೇ ಹಸಿರಾಗಿ ಕಾಣುವುದುಂಟು.

ಬಣ್ಣ ನೋಡಿ ಜಾತಿ ಹೇಳಬೇಡಿ. ಬೆನ್ನು ಪೂರ್ತಿ ಒಂದೇ ಹೊದಿಕೆಯಾ, ಇಲ್ಲ ಮುಂದೆ ಮಾತ್ರ ಸಣ್ಣ ಹೊದಿಕೆ ಇದ್ದು ಬಲಗಡೆ ಉಸಿರಾಟದ ರಂಧ್ರ ಇದೆಯಾ ನೋಡಿ. ಲೇವಿಕಾಲಿಸ್‌ನಲ್ಲಿ ಬೆನ್ನು ಪೂರ್ತಿ ಮುಚ್ಚಿರುತ್ತದೆ.

ಹೊಳಲ್ಕೆರೆಯ ಗೃಹಿಣಿ: ವಿಷದ ವಿಚಾರಕ್ಕೆ ಬಣ್ಣ ಮುಖ್ಯ ಅಲ್ಲ ಅಲ್ವಾ ಸರ್?

ಮೇಷ್ಟ್ರು: ಅಲ್ಲ ಅಮ್ಮ. ಆದರೆ ಇಲಿಗಳಿಂದ ಬರುವ ಒಂದು ಸೂಕ್ಷ್ಮ ಹುಳು ಇವುಗಳ ಮೈಯಲ್ಲಿರಬಹುದು. ಹೊಟ್ಟೆಗೆ ಹೋದರೆ ಮಿದುಳಿನ ಪೊರೆಗೆ ಉರಿಯೂತ ಬರಬಹುದು. ಮಗು ಬರಿಗೈಲಿ ಮುಟ್ಟದಿರಲಿ, ಮುಟ್ಟಿದರೆ ಸೋಪು ಹಚ್ಚಿ ಕೈ ತೊಳೆಸಿ. ಕುಂಡದ ಕೊತ್ತಂಬರಿ, ಪುದೀನ ಹಸಿಯಾಗಿ ತಿನ್ನುವ ಮುಂಚೆ ಎಲೆ ಎಲೆಯಾಗಿ ತೊಳೆಯಿರಿ. ಫೋಟೋ ಹಾಕುವುದಾದರೆ ಬೆನ್ನೂ ಬಲಬದಿಯೂ ಕಾಣುವಂತೆ ಹಾಕಿ, ಜಾತಿ ಹೇಳುತ್ತೇನೆ.